ಊರಂಚಿನ ಉರುಳು

ಬಿಲ್ಲಿನ ಬೇಟೆಗೆ ಸದ್ದಿಲ್ಲ. ಕೋವಿ ಸಿಡಿದರೆ ಊರೇ ಎಚ್ಚರಗೊಳ್ಳುತ್ತದೆ. ಬಾಣ ಹಾರಿದ್ದು ನೆರೆಮನೆಗೂ ತಿಳಿಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಈ ಮೂಕ ಬೇಟೆಯನ್ನು ಈಗ ತಂತಿಯ ಉರುಳು ವಹಿಸಿಕೊಂಡಿದೆ.

ಇಲ್ಲಿಯ ಬಂಡೆಗುಡ್ಡಗಳ ಕುರುಚಲು ಕಾಡು ರಾಗಿಯ ಹೊಲ, ಮಾವಿನ ತೋಪುಗಳಿಗೆ ಅಂಟಿಕೊಂಡೇ ಇದೆ. ಕನಕಪುರದ ದಕ್ಷಿಣಕ್ಕಂತೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವೇ ಉಂಟು. ಮೇಯಲು ಬರುವ ಹಂದಿ, ಜಿಂಕೆಗಳಿಗೆಂದು ಬೇಲಿಯ ಕಂಡಿಯಲ್ಲಿ ವಾಹನದ ಕ್ಲಚ್ ತಂತಿಯ ಕುಣಿಕೆಯನ್ನು ಒಡ್ಡುವರು. ಬಿಲ್ಲುಗಾರನಿಗೆ ಕಣ್ಣಾದರೂ ಇರುತ್ತದೆ. ಉರುಳಿಗೆ ಅದೂ ಇಲ್ಲ. ಗಬ್ಬದ ಜಿಂಕೆಯಾಗಲಿ ಚಿರತೆಯಾಗಲಿ, ಸಿಕ್ಕಿದ್ದು ಸಿಕ್ಕಿತು. ಬಿಡಿಸಿಕೊಳ್ಳಲು ಎಳೆದಷ್ಟೂ ಅದು ಬಿಗಿಯುತ್ತದೆ.

ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಅದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳುವ ದಾರಿಯುಂಟು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಉರುಳೊಡ್ಡುವುದೂ ಅದರ ಯತ್ನವೂ ಬೇಟೆಯೇ. ತನ್ನ ಹೊಲವೆಂಬ ಮಾತ್ರಕ್ಕೆ ವಿನಾಯಿತಿಯಿಲ್ಲ. ಬೇಟೆಯಾದ ಜಿಂಕೆ ಸರ್ಕಾರದ ಸ್ವತ್ತು. ಅದು ಕೈಗೆ ಬಂದವನು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡತಕ್ಕದ್ದು.