ಲಾಂಡ್ರಿಯ ಚೀಟಿಯೂ ಗ್ರಾಹಕನ ಹಕ್ಕೂ

ನಗರವಾಸಿಗಳಾದ ನಾವು ನಮ್ಮ ವಸ್ತುಗಳನ್ನು ಎಷ್ಟು ಮಂದಿಯ ಕೈಗೆ ಒಪ್ಪಿಸುತ್ತೇವೆಂಬುದನ್ನು ಎಣಿಸಿ ನೋಡುವವರು ವಿರಳ. ಗಡಿಯಾರ ನಿಂತರೆ ರಿಪೇರಿಯವನಿಗೆ, ಅಂಗಿ ಹರಿದರೆ ದರ್ಜಿಗೆ, ಸೀರೆ ಮಾಸಿದರೆ ಲಾಂಡ್ರಿಗೆ. ಅಂಗಡಿಯಲ್ಲಿ ಕೊಂಡ ವಸ್ತು ಕೆಟ್ಟದ್ದಾದರೆ ಹೋಗುವುದು ಹಣ. ಹಣವನ್ನು ಮತ್ತೆ ಗಳಿಸಬಹುದು. ಒಪ್ಪಿಸಿದ ವಸ್ತು ಕೆಟ್ಟರೆ ಹೋಗುವುದು ನಮ್ಮದೇ ಆದ ಸೊತ್ತು. ತಾಯಿಯ ಮದುವೆಯ ರೇಷ್ಮೆಸೀರೆ ಕಳೆದುಹೋದರೆ ಅದಕ್ಕೆ ಸಮನಾದುದು ಯಾವ ಪೇಟೆಯಲ್ಲಿಯೂ ದೊರೆಯಲಾರದು. ಆದಕಾರಣ ಈ ಬಗೆಯ ವ್ಯವಹಾರದಲ್ಲಿ ಲೋಪವಾದಾಗ ಏನು ಮಾಡತಕ್ಕದ್ದೆಂಬುದನ್ನು ಲಾಂಡ್ರಿಯನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಿಸೋಣ.

ಮುಂಬಯಿಯ ಓಣಿಯ ಲಾಂಡ್ರಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮುಂದಿನ ಮೇಜು, ಇಸ್ತ್ರಿಯ ಹಲಗೆ, ಗಂಟುಗಳನ್ನು ಜೋಡಿಸಿದ ಕಪಾಟು, ಇಷ್ಟೇ. ಬಟ್ಟೆಯನ್ನು ಅಲ್ಲಿಯೇ ಒಗೆಯುತ್ತಾರೆಂದು ತಿಳಿಯಬಾರದು. ಅನೇಕ ಅಂಗಡಿಗಳು ಬಟ್ಟೆಯನ್ನು ಕೂಡಿಸಿ ಬೇರೆಡೆಗೆ ಕಳುಹಿಸುತ್ತವೆ. ಮಹಾಲಕ್ಷ್ಮೀ ನಿಲ್ದಾಣದ ಸೇತುವೆಯ ಮೇಲೆ ನಿಂತು ಧೋಬೀಘಾಟನ್ನು ನೋಡಿದವರು, ಸಾಲುಸಾಲಾದ ತೊಟ್ಟಿಗಳ ನಡುವೆ ಎಷ್ಟು ಮನೆಗಳ ಬಟ್ಟೆ ಒಂದಾಗಿ ಬೆರೆಯುತ್ತದೆಂಬುದನ್ನು ಊಹಿಸಬಲ್ಲರು. ಬಟ್ಟೆಯ ಅಂಚಿನಲ್ಲಿ ಅಳಿಸದ ಮಸಿಯಿಂದ ಹಾಕಿದ ಒಂದು ಪುಟ್ಟ ಗುರುತೇ ಅದನ್ನು ಮರಳಿ ಮನೆಗೆ ತರುವ ದಾರಿ. ಅಷ್ಟು ಕೈಗಳನ್ನು ದಾಟಿಯೂ ಬಹುಪಾಲು ಬಟ್ಟೆ ತಪ್ಪದೆ ಹಿಂದಿರುಗುತ್ತದೆಂಬುದೇ ಆಶ್ಚರ್ಯ. ಆ ಶ್ರಮಿಕರ ಜಾಣ್ಮೆಯನ್ನು ಮೆಚ್ಚದಿರಲಾಗದು. ಆದರೆ ತಪ್ಪಿದಾಗ ಆ ನಷ್ಟವನ್ನು ಹೊರಬೇಕಾದವರು ಯಾರು?

ಈ ಪ್ರಶ್ನೆ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಟ್ಟೆ ಒಗೆಯುವವರ ಬಗೆಗೂ ನಿಯಮಗಳಿವೆ. ಮರದ ಹಲಗೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು. ಬೇರೆಡೆ ಒಗೆದರೆ 6 ಪಣ ದಂಡ, ಅದರೊಡನೆ ಬಟ್ಟೆಗೆ ಆದ ಹಾನಿಯನ್ನೂ ತುಂಬಿಕೊಡಬೇಕು. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ ಅಥವಾ ಒತ್ತೆಯಿಟ್ಟರೆ 12 ಪಣ. ದಂಡವು ಅರಸನಿಗೆ ಸೇರಿದರೂ ನಷ್ಟವು ಬಟ್ಟೆಯ ಒಡೆಯನಿಗೆ ತುಂಬಿಬರಬೇಕೆಂಬ ವಿವೇಕವನ್ನು ಗಮನಿಸಿರಿ.

ಈಗಿನ ಕಾಯಿದೆಯೂ ಇದೇ ಜಾಡಿನಲ್ಲಿದೆ. 1872ರ ಕರಾರು ಕಾಯಿದೆಯ 151ನೆಯ ಕಲಮಿನ ಪ್ರಕಾರ, ಪರರ ವಸ್ತುವನ್ನು ವಹಿಸಿಕೊಂಡವನು, ಸಾಧಾರಣ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಎಷ್ಟು ಎಚ್ಚರದಿಂದ ಕಾಯುವನೋ ಅಷ್ಟು ಎಚ್ಚರದಿಂದ ಕಾಯಬೇಕು. ಇದಕ್ಕೆ ಪ್ರತಿಯಾಗಿ ಅಂಗಡಿಕಾರರು ಹೂಡಿರುವ ಉಪಾಯವೇ ಚೀಟಿಯ ಬೆನ್ನಿನ ಸಣ್ಣಕ್ಷರ. "ಬಟ್ಟೆ ಕಳೆದರೆ ಇಷ್ಟೇ ಕೊಡಲಾಗುವುದು", "ಬಣ್ಣಕ್ಕೆ ನಾವು ಹೊಣೆಯಲ್ಲ" ಎಂದು ಅಲ್ಲಿ ಅಚ್ಚಾಗಿರುತ್ತದೆ. ಅದನ್ನು ಬೆರಳಿನಿಂದ ತೋರಿಸಿದೊಡನೆ ಗ್ರಾಹಕನು ಬಾಯಿ ಮುಚ್ಚಿಕೊಂಡು ಹಿಂದಿರುಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅಚ್ಚಾದ ಮಾತ್ರಕ್ಕೆ ಅದು ಕಾಯಿದೆಯಾಗದು. ಮದ್ರಾಸು ಉಚ್ಚ ನ್ಯಾಯಾಲಯದ ಮುಂದೆ ಇಂಥದೇ ಮೊಕದ್ದಮೆಯೊಂದು ಬಂದಿತ್ತು. ಒಗೆಯಲು ಕೊಟ್ಟ ಸೀರೆ ಕಳೆದುಹೋಗಿತ್ತು. ಕಳೆದ ಬಟ್ಟೆಗೆ ಪೇಟೆಯ ಬೆಲೆಯಲ್ಲಿ ನೂರಕ್ಕೆ 15ರಷ್ಟನ್ನು ಮಾತ್ರ ಕೊಡುವುದಾಗಿ ಚೀಟಿಯಲ್ಲಿತ್ತು. ಅಂಥ ನಿಬಂಧನೆ ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದು, ಗ್ರಾಹಕನನ್ನು ಬಂಧಿಸದು ಎಂದು ನ್ಯಾಯಾಲಯ ತೀರ್ಮಾನಿಸಿತು. 1966ರ ನ್ಯಾಯವರದಿಗಳಲ್ಲಿ ಪ್ರಕಟವಾದ ಈ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಅದರ ಮರ್ಮ ಲೆಕ್ಕ ಹಾಕಿದರೆ ತಿಳಿಯುತ್ತದೆ. 4,000 ರೂಪಾಯಿಯ ಸೀರೆಗೆ 600 ರೂಪಾಯಿ ಕೊಟ್ಟರೆ ಸಾಕೆಂದಾದರೆ, ಸೀರೆಯನ್ನು ಕಾಯುವುದಕ್ಕಿಂತ ಕಳೆಯುವುದೇ ಲಾಭದ ಕಸುಬಾದೀತು!

ಹಾಗೆಂದು ಎಲ್ಲ ತಪ್ಪೂ ಲಾಂಡ್ರಿಯದೆಂದು ಹೇಳಲಾಗದು. ಬಣ್ಣ ಗಟ್ಟಿಯಿಲ್ಲದ ಸೀರೆ ಯಾರು ಒಗೆದರೂ ಬಣ್ಣ ಬಿಡುತ್ತದೆ. ಆಗ ದೂರು ಸಲ್ಲಬೇಕಾದುದು ಸೀರೆ ಮಾರಿದ ಅಂಗಡಿಗೆ. ಐದು ವರ್ಷ ಉಟ್ಟ ಸೀರೆಗೆ ಹೊಸದರ ಪೂರ್ಣ ಬೆಲೆಯನ್ನು ಕೇಳುವುದೂ ನ್ಯಾಯವಲ್ಲ. ಜಗಳ ಬೆಳೆಯುವುದು ಬಹುಮಟ್ಟಿಗೆ ಬಟ್ಟೆ ಮೊದಲು ಹೇಗಿತ್ತೆಂಬ ಮಾತಿನಲ್ಲಿಯೇ. ಬಟ್ಟೆ ಕೊಡುವಾಗಲೇ ಎಣಿಸಿ, ಕಲೆಯಿದ್ದರೆ ತೋರಿಸಿ, "ರೇಷ್ಮೆ, ಜರಿ ಅಂಚು" ಎಂದು ಚೀಟಿಯಲ್ಲಿ ಬರೆಯಿಸಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮರಳಿ ಪಡೆಯುವಾಗ ಮೇಜಿನ ಮುಂದೆಯೇ ಗಂಟು ಬಿಚ್ಚಿ ನೋಡಬೇಕು. ಹಿಂದೆ ಜನ ನಿಂತಿದ್ದಾರೆಂಬ ಸಂಕೋಚ ಬೇಡ.

ಹಾನಿ ಕಂಡಿತೆನ್ನಿ. ಮೇಜಿನ ಹಿಂದಿರುವ ಹುಡುಗನ ಮೇಲೆ ಕೂಗಾಡುವುದರಿಂದ ಪ್ರಯೋಜನವಿಲ್ಲ. ಅವನಿಗೆ ಪರಿಹಾರ ಕೊಡುವ ಅಧಿಕಾರವಿಲ್ಲ. ನಮ್ಮ ಕೂಗಿನಿಂದ ಅವನ ಸಂಬಳಕ್ಕೆ ಕತ್ತರಿ ಬೀಳಬಹುದು, ಅಷ್ಟೇ. ಯಜಮಾನರು ಯಾವಾಗ ಬರುತ್ತಾರೆಂದು ಕೇಳಿ ಅವರೊಡನೆಯೇ ಮಾತನಾಡಬೇಕು. ಏನು ಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡಿರಬೇಕು: ಮತ್ತೆ ಒಗೆದು ಕೊಡುವುದೋ, ರಫು ಮಾಡಿಸುವುದೋ, ಹಣವೋ? ಬೇಡಿಕೆ ಸ್ಪಷ್ಟವಿಲ್ಲದ ದೂರು ಬರಿಯ ಗೊಣಗಾಟವಾಗುತ್ತದೆ. ಚೀಟಿಯನ್ನು ಮಾತ್ರ ಯಾವ ಕಾರಣಕ್ಕೂ ಅವರ ಕೈಯಲ್ಲಿ ಬಿಟ್ಟುಬರಬಾರದು; "ಪುಸ್ತಕದಲ್ಲಿ ನೋಡಿ ಹೇಳುತ್ತೇವೆ, ಇಟ್ಟುಹೋಗಿ" ಎಂದರೆ ನಕಲನ್ನು ಕೊಡಿರಿ.

ಮಾತಿಗೆ ಬಗ್ಗದಿದ್ದರೆ ಪತ್ರ. ಚೀಟಿಯ ಸಂಖ್ಯೆ, ಬಟ್ಟೆ ಕೊಟ್ಟ ದಿನ, ಆದ ಹಾನಿ, ಕೇಳುವ ಪರಿಹಾರ, ಉತ್ತರಕ್ಕೆ ಹದಿನೈದು ದಿನದ ಅವಧಿ, ಇಷ್ಟನ್ನು ಒಂದೇ ಪುಟದಲ್ಲಿ ಬರೆದು, ನಕಲನ್ನಿರಿಸಿಕೊಂಡು, ತಲುಪಿದ್ದಕ್ಕೆ ಸಾಕ್ಷ್ಯ ದೊರೆಯುವಂತೆ ಅಂಚೆಯಲ್ಲಿ ಕಳುಹಿಸಬೇಕು. ಕಾಗದವು ಕೂಗಿಗಿಂತ ಬಲವಾದುದು. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಲು ಅವಕಾಶವುಂಟು. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 1986ರ ಕಾಯಿದೆಯ ಸ್ಥಾನದಲ್ಲಿ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ಘಟನೆ ನಡೆದ ಎರಡು ವರ್ಷದೊಳಗೆ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಕೀಲರು ಬೇಕೆಂಬ ನಿರ್ಬಂಧವಿಲ್ಲ. ಪಡೆದ ಸೇವೆಯ ಮೊಬಲಗು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ವಸ್ತುವಿನ ಪರೀಕ್ಷೆ ಬೇಡವಾದ ದೂರುಗಳನ್ನು ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನಡೆವಳಿಕೆಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಆದುದರಿಂದಲೇ ಪತ್ರದ ಹಂತದಲ್ಲಿ ವ್ಯವಹಾರ ಮುಗಿದರೆ ಇಬ್ಬರಿಗೂ ಲೇಸೆಂದು ನಮ್ಮ ಮತ.

ಇಂಥ ಕಾಯಿದೆ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ, 1966ರಲ್ಲಿ, ಒಂಬತ್ತು ಮಂದಿ ಮಹಿಳೆಯರು ಇದೇ ಮುಂಬಯಿಯಲ್ಲಿ ಕೂಡಿ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘವನ್ನು ಕಟ್ಟಿದರು.

ಇನ್ನು ಪತ್ರವನ್ನು ಬರೆಯುವವರಾರು? ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ಮರಾಠಿಯನ್ನು ಆಡಬಲ್ಲರು, ಬರೆಯಲಾರರು. ತಂದೆ ಮನೆಗೆ ಬರುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳೇ ಆಗ ಮನೆಯ ಕಾರಕೂನರು. ಕಾಯಿದೆಯಂತೆ ಅಪ್ರಾಪ್ತವಯಸ್ಕ ಗ್ರಾಹಕನ ಪರವಾಗಿ ದೂರು ಕೊಡತಕ್ಕವರು ತಾಯಿತಂದೆ ಅಥವಾ ಪಾಲಕರು. ಸೀರೆ ತಾಯಿಯದಾದರೆ ದೂರೂ ಆಕೆಯದೇ. ಅಕ್ಷರ ನಿಮ್ಮದಿರಲಿ, ಸಹಿ ಅವರದಿರಲಿ. ಬರೆದುದನ್ನು ಸಹಿಗೆ ಮುನ್ನ ಕನ್ನಡದಲ್ಲಿ ಪೂರ್ಣವಾಗಿ ಓದಿ ಹೇಳಿರಿ. ಸೀರೆಯ ಅಂಚಿನ ಬಣ್ಣ, ಕೊಂಡ ಬೆಲೆ, ಕೊಟ್ಟ ವಾರ, ಇವೆಲ್ಲ ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತವೆ.