ಗೋಧಿ ಬಣ್ಣ, ಸಾಧಾರಣ ಮೈಕಟ್ಟು: ಕಾಣೆಯಾದ ತಂದೆ ಮತ್ತು ಬಾಡಿಗೆ ಹಂತಕ

ಕಾಣೆಯಾದವರ ಪ್ರಕಟಣೆಗಳಲ್ಲಿ ಬರುವ 'ಗೋಧಿ ಬಣ್ಣ, ಸಾಧಾರಣ ಮೈಕಟ್ಟು' ಎಂಬ ಮಾತುಗಳನ್ನು ಕೇಳದ ಕನ್ನಡಿಗರು ವಿರಳ. ಇದೇ ಮಾತುಗಳನ್ನು ಶೀರ್ಷಿಕೆಯಾಗಿಸಿಕೊಂಡ ಕನ್ನಡ ಚಿತ್ರವೊಂದು 2016ರ ಜೂನ್ ತಿಂಗಳಲ್ಲಿ ತೆರೆಕಂಡಿತು. ಅದು ನಿರ್ದೇಶಕ ಹೇಮಂತ್ ಎಂ. ರಾವ್ ಅವರ ಮೊದಲ ಚಿತ್ರ. ಚೆನ್ನೈ ಕನ್ನಡಿಗರಾದ ನಾವು ಅದನ್ನು ಮತ್ತೊಮ್ಮೆ ನೋಡಬೇಕಾದ ಕಾರಣವೊಂದಿದೆ.

ಅನಂತನಾಗ್ ಅಭಿನಯದ ವೆಂಕೋಬರಾವ್ ಅಲ್ಜೀಮರ್ಸ್ ಕಾಯಿಲೆಯಿಂದ ಬಳಲುತ್ತಿರುವ ಹಿರಿಯರು. ಅವರ ವಾಸ ಆರೈಕೆ ಕೇಂದ್ರದಲ್ಲಿ. ಉದ್ಯೋಗದ ಬೆನ್ನು ಹತ್ತಿದ ಮಗ ಶಿವ (ರಕ್ಷಿತ್ ಶೆಟ್ಟಿ) ಅಪರೂಪಕ್ಕೆ ಬಂದು ಅವರನ್ನು ಹೊರಗೆ ಕರೆದೊಯ್ಯುತ್ತಾನೆ. ಅವನ ಅಲಕ್ಷ್ಯದಿಂದ ತಂದೆ ಕಾಣೆಯಾಗುತ್ತಾರೆ. ದಾರಿ ತಪ್ಪಿದ ಅವರು ಸಿಲುಕುವುದು, ಶವವೊಂದನ್ನು ಸಾಗಿಸುತ್ತಿರುವ ಬಾಡಿಗೆ ಹಂತಕ ರಂಗನ (ವಸಿಷ್ಠ ಸಿಂಹ) ಕೈಗೆ. ಮುಂದೆ ಹಂತಕರು, ಹಿರಿಯರು, ಏನೂ ಅರಿಯದ ಗೃಹಸ್ಥನೊಬ್ಬನ ಕುಟುಂಬ ಎಲ್ಲರೂ ಒಂದೇ ಸೂರಿನಡಿ ಸೇರಬೇಕಾಗುತ್ತದೆ.

ಸಾಕ್ಷಿಯನ್ನು ಉಳಿಸಬಾರದೆಂಬುದು ಹಂತಕರ ಲೆಕ್ಕ. ಆದರೆ ನೆನಪೇ ನಿಲ್ಲದವರು ಎಂಥ ಸಾಕ್ಷಿ? ಭಯ ಹುಟ್ಟಿಸುವುದೇ ರಂಗನ ಕಸುಬು. ಎದುರಿಗಿರುವವನು ಯಾರೆಂದೇ ತಿಳಿಯದ ಹಿರಿಯರ ಮುಂದೆ ಆ ಕಸುಬು ನಡೆಯದು. ಅವರು ಅವನೊಡನೆ ಮನೆಯವನೆಂಬಂತೆ ಮಾತನಾಡುತ್ತಾರೆ. ಮಗ ಕೇಳದ ಮಾತುಗಳು ಹಂತಕನ ಕಿವಿಗೆ ಬೀಳುತ್ತವೆ. ಅತ್ತ ಶಿವನಾದರೋ ತನ್ನ ತಂದೆ ಎಂಥವರೆಂಬುದನ್ನು ವೈದ್ಯೆ ಸಹನಾಳ (ಶ್ರುತಿ ಹರಿಹರನ್) ಬಾಯಿಂದ ಕೇಳಿ ತಿಳಿಯಬೇಕಾಗುತ್ತದೆ. 'ಜೋಗಿ' (2005) ಚಿತ್ರದಲ್ಲಿ ತಾಯಿ ಭೂಗತಲೋಕಕ್ಕೆ ಸೇರಿದ ಮಗನನ್ನು ಅರಸಿ ಬೆಂಗಳೂರಿಗೆ ಬರುತ್ತಾಳೆ. ಇಲ್ಲಿ ಮಗನೇ ತಂದೆಯನ್ನು ಅರಸಬೇಕು.

ಈ ಕಥೆ ನಮ್ಮ ಚೆನ್ನೈಗೂ ಬಂದಿತು. 2018ರಲ್ಲಿ ರಾಧಾ ಮೋಹನ್ ನಿರ್ದೇಶನದಲ್ಲಿ '60 ವಯದು ಮಾನಿರಂ' ಎಂಬ ಹೆಸರಿನಲ್ಲಿ ತಮಿಳು ರೂಪ ಪಡೆಯಿತು. ತಂದೆಯ ಪಾತ್ರವನ್ನು ನಮ್ಮವರೇ ಆದ ಪ್ರಕಾಶ್ ರಾಜ್ ವಹಿಸಿದರು. ಇಳಯರಾಜ ಸಂಗೀತ ನೀಡಿದರು. 'ಮಾನಿರಂ' ಎಂದರೆ ತಮಿಳರ 'ಗೋಧಿ ಬಣ್ಣ'. ಎರಡು ಭಾಷೆಗಳಲ್ಲಿಯೂ ಈ ವರ್ಣನೆ ಎಲ್ಲರಿಗೂ ಹೊಂದುತ್ತದೆ, ಆದ್ದರಿಂದಲೇ ಯಾರನ್ನೂ ಗುರುತಿಸಿಕೊಡುವುದಿಲ್ಲ.

ಈಗ ನಮ್ಮ ಪುರಸೈವಾಕ್ಕಂ ಹೈರೋಡಿನ ಸಂಜೆಯ ಜನಜಂಗುಳಿಯನ್ನು ನೆನೆಯೋಣ. ಚಿತ್ರಮಂದಿರಗಳನ್ನೇ ಗುರುತಾಗಿಟ್ಟುಕೊಂಡು ನಡೆದಾಡಿದ ಹಿರಿಯರು ಇಲ್ಲಿ ಬಹಳ. ರಾಕ್ಸಿ ಎಂದೋ ಮರೆಯಾಯಿತು. ಅಭಿರಾಮಿ ಚಿತ್ರಮಂದಿರಗಳು 2019ರಲ್ಲಿ ಬಾಗಿಲು ಮುಚ್ಚಿದವು. ಹಳೆಯ ಗುರುತುಗಳು ಅಳಿದಾಗ, ನೆನಪು ಮಾಸುತ್ತಿರುವವರಿಗೆ ಪರಿಚಿತ ಬೀದಿಯೂ ಅಪರಿಚಿತವಾಗುತ್ತದೆ.

ಇದಲ್ಲದೆ ನಮಗೆ ಮತ್ತೊಂದು ತೊಡಕುಂಟು. ಮರೆವಿನ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಮಾಸಿ, ಬಾಲ್ಯದ ಭಾಷೆ ಹೆಚ್ಚು ಕಾಲ ಉಳಿಯುವುದುಂಟು. ನಲವತ್ತು ವರ್ಷ ತಮಿಳಿನಲ್ಲಿ ವ್ಯವಹರಿಸಿದ ಅಜ್ಜ ದಾರಿ ತಪ್ಪಿದ ದಿನ ಕನ್ನಡದಲ್ಲಿ ಮಾತ್ರ ಉತ್ತರಿಸಬಹುದು. ಕೇಳುವವರಿಗೆ ಅದು ಅರ್ಥವಾಗದೆ ಹೋಗಬಹುದು.

ಆದುದರಿಂದ ಇಂತಹ ಹಿರಿಯರಿರುವ ಮನೆಯವರು ಕೆಲವು ಎಚ್ಚರಿಕೆಗಳನ್ನು ವಹಿಸುವುದು ಒಳಿತು. ಹೆಸರು, ದೂರವಾಣಿ ಸಂಖ್ಯೆ ಮತ್ತು 'ಇವರು ಕನ್ನಡ ಮಾತನಾಡುತ್ತಾರೆ' ಎಂಬ ಒಕ್ಕಣೆಯನ್ನು ತಮಿಳಿನಲ್ಲಿ ಬರೆದ ಚೀಟಿ ಅವರ ಜೇಬಿನಲ್ಲಿರಲಿ. ಇತ್ತೀಚಿನ ಭಾವಚಿತ್ರವೊಂದು ನಮ್ಮ ಬಳಿ ಇರಲಿ. ಹೊರಡುವಾಗ ಅವರು ಉಟ್ಟ ಬಟ್ಟೆಯನ್ನು ಗಮನಿಸೋಣ. ಬೀದಿಯ ಅಂಗಡಿಯವರಿಗೂ ಆಟೋ ಚಾಲಕರಿಗೂ ಅವರ ಪರಿಚಯ ಮಾಡಿಸೋಣ. ಕಾಣೆಯಾದರೆ ಕಾಯದೆ ಕೂಡಲೇ 112ಕ್ಕೆ ಕರೆ ಮಾಡಬೇಕು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ರಿಂದಲೂ ಮಾರ್ಗದರ್ಶನ ದೊರೆಯುತ್ತದೆ.

ಇವೆಲ್ಲಕ್ಕಿಂತ ಮೊದಲಿನ ಕೆಲಸವೊಂದು ಮನೆಯೊಳಗೇ ಇದೆ. ನಮ್ಮ ತಂದೆಯವರು ಯಾವ ಊರಿನ ಶಾಲೆಯಲ್ಲಿ ಓದಿದರು, ಮದರಾಸಿಗೆ ಬಂದ ಮೊದಲ ದಿನ ಎಲ್ಲಿ ಉಳಿದರು, ಅಮ್ಮನನ್ನು ಮೊದಲು ಎಲ್ಲಿ ಕಂಡರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಶಿವ ಅದನ್ನು ಕೇಳಿದ್ದು ತಂದೆ ಕಾಣೆಯಾದ ಮೇಲೆ. ನಮಗೆ ಇನ್ನೂ ಸಮಯವಿದೆ. ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತು ಕೇಳೋಣ.