ತವರಿನ ಪಾಲು

ಬೆಳೆಸುವುದು ಒಂದು ವಿದ್ಯೆ. ಬೆಳೆಸಿದ್ದನ್ನು ಸಕಾಲದಲ್ಲಿ ಬಿಟ್ಟುಕೊಡುವುದು ಅದಕ್ಕಿಂತ ಕಠಿನವಾದ ಇನ್ನೊಂದು ವಿದ್ಯೆ. ಮೊದಲನೆಯದನ್ನು ಇಪ್ಪತ್ತು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ಅಷ್ಟಿಷ್ಟು ಕಲಿತಿದ್ದೇನೆಂದು ನಾನು ನಂಬಿದ್ದೆ. ಎರಡನೆಯದರ ಮೊದಲ ಪಾಠವನ್ನು ಮಾತ್ರ ಎರಡು ತಿಂಗಳ ಹಿಂದೆ ಹರಿಹರದಲ್ಲಿ, ಇಪ್ಪತ್ತೊಂದು ವರ್ಷದ ನನ್ನ ಸೋದರಳಿಯನಿಂದ, ಅದೂ ಒಂದು ಆಟದ ಮೂಲಕ, ಹೇಳಿಸಿಕೊಳ್ಳಬೇಕಾಯಿತು.

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರಿನ ಹಾದಿ. ಅಲ್ಲಿ ನನ್ನ ಅಕ್ಕನ ಮನೆ. ಭಾವನವರು ತೀರಿಕೊಂಡ ಮೇಲೆ ಅಕ್ಕನಿಗೆ ಇರುವವನು ಅವನೊಬ್ಬನೇ. ಡಿಪ್ಲೊಮಾ ಮುಗಿಸಿ, ಊರಿನಲ್ಲಿಯೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಹೀಗಿರುವಾಗ ಬೆಂಗಳೂರಿನ ಒಂದು ಕಂಪನಿಯಿಂದ ಕೆಲಸದ ಕರೆ ಬಂದಿತು. ಹದಿನೈದು ದಿನವಾದರೂ ಹುಡುಗ ಹೋಗುತ್ತೇನೆ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. "ನೀನು ಬಂದು ಒಂದು ಮಾತು ಹೇಳು, ತಮ್ಮಾ" ಎಂದು ಅಕ್ಕ ಫೋನು ಮಾಡಿದಳು. ಯಾವ ಮಾತು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವನು ಕೈಯಲ್ಲಿ ಮೊಬೈಲು ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದ. ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಕಳವಳ. "ಒಂದು ಹತ್ತು ನಿಮಿಷ ತಡಿ ಮಾಮ, ಹುಡುಗನ್ನ ಮಾರಾಕಿಟ್ಟೀನಿ" ಎಂದ. ನಾನು ಬೆಚ್ಚಿದೆನೆಂದು ಬೇರೆ ಹೇಳಬೇಕಾಗಿಲ್ಲ.

ವಿಷಯ ಇಷ್ಟೇ. ಹ್ಯಾಟ್‌ಟ್ರಿಕ್ ಎಂಬುದೊಂದು ಅಂತರಜಾಲದ ಕಾಲ್ಚೆಂಡಿನ ಆಟ. ಸ್ವೀಡನ್ ದೇಶದಲ್ಲಿ ಅದು ಹುಟ್ಟಿದ್ದು 1997ರ ಆಗಸ್ಟಿನಲ್ಲಿ. ಚಿತ್ರದುರ್ಗದಿಂದ ಬೇರ್ಪಟ್ಟು ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿದ ತಿಂಗಳೂ ಅದೇ. ಈ ಆಟದಲ್ಲಿ ಆಡುವವನು ಚೆಂಡನ್ನು ಒದೆಯುವುದೇ ಇಲ್ಲ. ಅವನು ಒಂದು ತಂಡದ ಯಜಮಾನ. ಆಟಗಾರರೆಲ್ಲರೂ ಕಲ್ಪಿತ ವ್ಯಕ್ತಿಗಳು. ಅವರಿಗೆ ಹೆಸರುಂಟು, ವಯಸ್ಸುಂಟು, ಸಂಬಳವುಂಟು, ಸ್ವಭಾವವೂ ಉಂಟು. ನಮ್ಮ ಹದಿನಾರು ವಾರ ಕಳೆದರೆ ಅವರಿಗೆ ಒಂದು ವರ್ಷ ತುಂಬುತ್ತದೆ. ಯಜಮಾನನು ಬಾಲಕರ ಪಾಠಶಾಲೆಯೊಂದನ್ನು ತೆರೆಯಬಹುದು. ಊರೂರು ಅಲೆಯುವ ಅನ್ವೇಷಕನು ವಾರಕ್ಕೊಮ್ಮೆ ಒಬ್ಬ ಹುಡುಗನ ಸುದ್ದಿ ತರುತ್ತಾನೆ. ಬೇಕೋ ಬೇಡವೋ ಹೇಳಬೇಕು. ಹದಿನೇಳು ತುಂಬಿದ ಮೇಲೆ ಹುಡುಗನನ್ನು ಹಿರಿಯರ ತಂಡಕ್ಕೆ ಏರಿಸಬಹುದು. ಅನಂತರ ವಾರಕ್ಕೆ ಒಂದೇ ಬಗೆಯ ತರಬೇತಿ: ರಕ್ಷಣೆಯೋ, ಗೋಲು ಹೊಡೆಯುವುದೋ, ನಡುಗಣದ ಆಟವೋ. ಆ ವಾರದ ಪಂದ್ಯದಲ್ಲಿ ತಕ್ಕ ಸ್ಥಾನದಲ್ಲಿ ಆಡಿದವನಿಗೆ ಮಾತ್ರ ವಿದ್ಯೆ ಹತ್ತುತ್ತದೆ. ಎಳೆಯನಾದಷ್ಟೂ ಬೇಗ ಕಲಿಯುತ್ತಾನೆ; ವಯಸ್ಸೇರಿದಂತೆ ಕಲಿಕೆ ಕುಂಟುತ್ತದೆ, ಮುಪ್ಪಿನಲ್ಲಿ ಕಲಿತದ್ದೂ ಕರಗುತ್ತದೆ. ಆದುದರಿಂದ ಚತುರನಾದ ಯಜಮಾನನು ಹುಡುಗನನ್ನು ಬೆಳೆಸಿ, ಬೆಲೆ ಬಂದಾಗ ಹರಾಜಿಗಿಡುತ್ತಾನೆ. ಮೂರು ದಿನದ ಹರಾಜು. ಕೊನೆಯ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಮತ್ತೆ ಮೂರು ನಿಮಿಷದ ಗಡುವು. ದಲ್ಲಾಳಿಯೂ ಇದ್ದಾನೆ, ಹುಡುಗ ನಮ್ಮಲ್ಲಿ ಹೆಚ್ಚು ಕಾಲ ಇದ್ದಷ್ಟೂ ದಲ್ಲಾಳಿಯ ಪಾಲು ಕಡಿಮೆ. ಮೆಕ್ಕೆಜೋಳದ ಮಾರುಕಟ್ಟೆಯನ್ನು ಕಂಡ ದಾವಣಗೆರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಂಟು ತಿಂಗಳು ಸಾಕಿದ್ದ ನಡುಗಣದ ಆಟಗಾರನನ್ನು ಅಂದು ಪರದೇಶದ ತಂಡವೊಂದು ಕೊಂಡಿತು. ನಮ್ಮವನು ನಿಟ್ಟುಸಿರು ಬಿಟ್ಟ. ಅದು ಸಂತೋಷದ್ದೋ ದುಃಖದ್ದೋ ತಿಳಿಯಲಿಲ್ಲ.

"ಅಷ್ಟು ಕಷ್ಟಪಟ್ಟು ಬೆಳೆಸಿದವನನ್ನು ಮಾರಲು ಮನಸ್ಸಾದರೂ ಹೇಗೆ ಬಂತಪ್ಪಾ?" ಎಂದೆ.

"ಇಟ್ಕೊಂಡ್ರ ಅವನಿಗೇ ಲುಕ್ಸಾನು, ಮಾಮ. ನಮ್ಮ ತಂಡದಾಗ ಅವನ ಸರಿಸಮ ಯಾರೂ ಇಲ್ಲ. ಅವನ ಸಂಬಳ ಹೊರೋ ಶಕ್ತೀನೂ ನಮಗಿಲ್ಲ. ಬಂದ ರೊಕ್ಕದಾಗ ಇನ್ನೂ ಮೂರು ಹುಡುಗರನ್ನ ಬೆಳೆಸಬಹುದು" ಎಂದವನು, ಸ್ವಲ್ಪ ತಡೆದು, "ಮತ್ತ ಅವನು ಪೂರಾ ಹೋಗಲ್ಲ. ಮುಂದ ಯಾರು ಎಷ್ಟು ಸಲ ಮಾರಿದ್ರೂ ನೂರಕ್ಕ ಎರಡು ರೂಪಾಯಿ ನಮಗ ಬರ್ತದ. ನಾವು ಅವನ ತಾಯಿ ಕ್ಲಬ್ಬು" ಎಂದ.

ತಾಯಿ ಕ್ಲಬ್ಬು! ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕನ್ನಡದಲ್ಲಿ ನಾವು ಅದನ್ನು ತವರು ಎನ್ನುತ್ತೇವೆ.

ಇದು ಬರಿಯ ಆಟದ ಕಟ್ಟಳೆಯಲ್ಲ. ನಿಜವಾದ ಕಾಲ್ಚೆಂಡಿನ ಲೋಕದಲ್ಲಿಯೂ ಇಂಥ ಧರ್ಮವೊಂದಿದೆ. ಅಂತರರಾಷ್ಟ್ರೀಯ ಕಾಲ್ಚೆಂಡಿನ ಸಂಸ್ಥೆಯಾದ ಫಿಫಾ 2001ರಲ್ಲಿ ಅದನ್ನು ನಿಯಮವಾಗಿ ತಂದಿತು. ಆಟಗಾರನೊಬ್ಬ ಒಂದು ದೇಶದ ತಂಡದಿಂದ ಇನ್ನೊಂದು ದೇಶದ ತಂಡಕ್ಕೆ ಹಣಕ್ಕೆ ಹೋದರೆ, ಆ ಹಣದಲ್ಲಿ ನೂರಕ್ಕೆ ಐದು ಪಾಲನ್ನು, ಅವನ ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರನೆಯ ವಯಸ್ಸಿನವರೆಗೆ ಅವನಿಗೆ ಆಟ ಕಲಿಸಿದ ತಂಡಗಳಿಗೆ ಹಂಚಬೇಕು. ಬೆಲೆ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕು ವರ್ಷ ಕಲಿಸಿದವರಿಗೆ ವರ್ಷಕ್ಕೆ 25 ಸಾವಿರದಂತೆ, ಅನಂತರದ ಎಂಟು ವರ್ಷ ಕಲಿಸಿದವರಿಗೆ ವರ್ಷಕ್ಕೆ 50 ಸಾವಿರದಂತೆ ಸಲ್ಲಬೇಕು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಬಡ ತಂಡವೊಂದಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಕೊನೆಗೆ ಮೊತ್ತಕ್ಕಿಂತ ದೊಡ್ಡದು ಅದರ ಹಿಂದಿರುವ ಒಪ್ಪಿಗೆ: ಇವನು ತಾನಾಗಿ ಬೆಳೆದವನಲ್ಲ, ಇವನನ್ನು ಯಾರೋ ಬೆಳೆಸಿದ್ದಾರೆ ಎಂಬ ಒಪ್ಪಿಗೆ.

ಇಂಥ ನಿಯಮವಿಲ್ಲದ ಕಾಲದಲ್ಲಿ ನಮ್ಮ ನಾಡು ಆಟಗಾರರನ್ನು ಸುಮ್ಮನೆ ಕಳುಹಿಸಿಕೊಟ್ಟಿತು. ಬೆಂಗಳೂರಿನ ಕೆಂಪಯ್ಯನವರು ಕಲ್ಕತ್ತೆಯ ಮೋಹನ ಬಾಗಾನ್ ತಂಡಕ್ಕೆ ಆಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಅವರಿದ್ದರು. ನಮ್ಮ ದಾವಣಗೆರೆಯ ಮಾತನ್ನೇ ತೆಗೆದುಕೊಳ್ಳೋಣ. ಆಟ ಬೇರೆ, ಕಥೆ ಅದೇ. 1984ರಲ್ಲಿ ಇಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ಅವರು ಕರ್ನಾಟಕದ ನಾಯಕರಾಗಿ 2013-14 ಮತ್ತು 2014-15ರಲ್ಲಿ, ಸತತವಾಗಿ ಎರಡು ಬಾರಿ, ರಣಜಿ ಟ್ರೋಫಿಯನ್ನು ಗೆದ್ದು ತಂದರು. ಐಪಿಎಲ್ಲಿನಲ್ಲಿ ಬೆಂಗಳೂರು, ಕೊಚ್ಚಿ, ಕೋಲ್ಕತ್ತಾ, ಮುಂಬಯಿ ಎಂದು ನಾಲ್ಕು ನಗರಗಳ ತಂಡಗಳಿಗೆ ಆಡಿದರು. ಎಲ್ಲಿ ಆಡಿದರೂ ಜನ ಅವರನ್ನು 'ದಾವಣಗೆರೆ ಎಕ್ಸ್‌ಪ್ರೆಸ್' ಎಂದೇ ಕರೆದರು. ಊರಿಗೆ ಸಂದ ಪಾಲು ಆ ಹೆಸರು. ಅದು ಕಡಿಮೆಯೇನಲ್ಲ.

ಆದರೂ ಊರೆಂಬುದು ಹೆಸರಿನಿಂದಲೇ ಬದುಕುವುದಿಲ್ಲ. ಹತ್ತಿಯ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಆ ಇನ್ನೊಂದು ಮ್ಯಾಂಚೆಸ್ಟರಿನಲ್ಲಿ 1878ರಲ್ಲಿ ರೈಲ್ವೆಯ ಕೆಲಸಗಾರರು ಕಟ್ಟಿಕೊಂಡ ತಂಡವೇ ಮುಂದೆ ಜಗತ್ಪ್ರಸಿದ್ಧವಾದ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ನಮ್ಮ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಕೆಲಸ ಕಲಿತ ಕೈಗಳು ಕೆಲಸವಿದ್ದ ಊರುಗಳನ್ನು ಹುಡುಕಿಕೊಂಡು ಹೋದವು. ಹೋದವರನ್ನು ದೂರುವುದು ನ್ಯಾಯವಲ್ಲ. ಉಳಿದವರು ನಿಟ್ಟುಸಿರುಬಿಟ್ಟರೆ ಅದೂ ತಪ್ಪಲ್ಲ.

ಮಾರುವ ಮಾತು ಬಂದಾಗ ನನಗೆ ನಮ್ಮ ತಂದೆಯವರ ನೆನಪಾಯಿತು. ಅವರು ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಹಾಲುಹಲ್ಲಿನ ಹೋರಿಗರುಗಳನ್ನು ತಂದು, ನೊಗಕ್ಕೆ ಒಗ್ಗಿಸಿ, ನಾಲ್ಕು ಹಲ್ಲಾಗುವ ಹೊತ್ತಿಗೆ ದನದ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಬಾಯಿಗೂಡುವವರೆಗೆ ಕಾದರೆ ಬೆಲೆ ಇಳಿಯುತ್ತದೆಂಬುದು, ಸ್ವೀಡನ್ನಿನ ಆ ಆಟ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರಿಗೆ ಗೊತ್ತಿತ್ತು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಯುತ್ತಿತ್ತು. ಆದರೆ ಎತ್ತುಗಳನ್ನು ಒಪ್ಪಿಸುವ ಮುಂಚೆ ಅವರು ತಮ್ಮ ಹಗ್ಗವನ್ನು ಬಿಚ್ಚಿಕೊಳ್ಳುತ್ತಿದ್ದರು. ಕೊಂಡವನು ತನ್ನ ಹಗ್ಗ ಹಾಕಿಕೊಂಡು ಹೋಗಬೇಕು. ನನ್ನ ಎಂ.ಎ. ಓದಿನ ಖರ್ಚಿಗೆಂದು ಒಂದು ಜೋಡಿಯನ್ನು ಮಾರಿದ ವರ್ಷವೂ ಅವರು ಹಗ್ಗ ಹಿಡಿದು ಮನೆಗೆ ಬಂದುದನ್ನು ನಾನು ಕಂಡಿದ್ದೇನೆ. "ಹಗ್ಗ ಇದ್ದರೆ ಕೊಟ್ಟಿಗೆಗೆ ಮತ್ತೆ ಕರು ಬರುತ್ತೆ" ಎನ್ನುತ್ತಿದ್ದರು. ಕೊಟ್ಟಿಗೆಗೆ ಕರುಗಳು ಬಂದವು. ಎಂ.ಎ. ಮುಗಿಸಿ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ ನಾನು ಮಾತ್ರ ಊರಿಗೆ ಹಿಂದಿರುಗಲಿಲ್ಲ.

ನಾನೂ ಹೀಗೆ ಕಳುಹಿಸಿಕೊಡಲ್ಪಟ್ಟವನು. ಈಗ ಕಳುಹಿಸುವವರ ಸಾಲಿನಲ್ಲಿ ನಿಂತವನು. ವರ್ಷವರ್ಷವೂ ನನ್ನ ತರಗತಿಯಿಂದ ಹುಡುಗರು ಹೋಗುತ್ತಾರೆ. ಹಾಜರಿ ಪುಸ್ತಕ ಮುಚ್ಚುತ್ತದೆ. ಅಪರೂಪಕ್ಕೊಬ್ಬ ಹತ್ತು ವರ್ಷದ ಮೇಲೆ ನೆನಪಿಟ್ಟುಕೊಂಡು ಕಾಲೇಜಿನ ಗ್ರಂಥಾಲಯಕ್ಕೆ ಒಂದು ಕಟ್ಟು ಪುಸ್ತಕ ಕಳುಹಿಸುತ್ತಾನೆ. ನೂರಕ್ಕೆ ಎರಡಕ್ಕಿಂತಲೂ ಅದು ಕಡಿಮೆಯೇ ಇದ್ದೀತು. ಆದರೆ ಆ ದಿನ ಅಧ್ಯಾಪಕರ ಕೊಠಡಿಯಲ್ಲಿ ನಾನು ಸ್ವಲ್ಪ ಎತ್ತರವಾಗಿ ಕುಳಿತುಕೊಳ್ಳುತ್ತೇನೆ.

ಇಷ್ಟೆಲ್ಲ ಯೋಚಿಸುತ್ತಿದ್ದಾಗ ಅಕ್ಕ ಚಹಾ ತಂದಳು. ನಾನು ಅಳಿಯನನ್ನು ನೇರವಾಗಿಯೇ ಕೇಳಿದೆ: "ಆ ಹುಡುಗನ ವಿಷಯದಲ್ಲಿ ಇಷ್ಟು ಚೆನ್ನಾಗಿ ಲೆಕ್ಕ ಹಾಕಿದವನು ನಿನ್ನ ವಿಷಯದಲ್ಲಿ ಏಕೆ ಹಾಕಲಿಲ್ಲ?"

ಅವನು ತಲೆ ತಗ್ಗಿಸಿದ. "ಆಟದಾಗ ತಾಯಿ ಕ್ಲಬ್ಬು ಒಬ್ಬಾಕೀನ ಇರಲ್ಲ, ಮಾಮ" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಅಕ್ಕನೇ ಹೇಳಿದಳು. "ನನ್ನನ್ನ ಈ ಮನೆಗೆ ಕಳಿಸೋವಾಗ ನಮ್ಮವ್ವ ಅಳಲಿಲ್ಲೇನು? ಕಳಿಸೋದು ಬಿಟ್ಟಳೇನು? ಇವತ್ತಿಗೂ ಗೌರಿ ಹಬ್ಬಕ್ಕ ತಮ್ಮ ಸೀರೆ ತರ್ತಾನ. ಕಳಿಸಿದ್ರ ತವರು ಮುಗಿಯಲ್ಲ. ಹೋಗು, ಬರ್ತಿರು" ಎಂದಳು.

ಆ ಆಟದಲ್ಲಿ ಹೋದವನಿಂದ ತವರಿಗೆ ಪಾಲು ಬರುತ್ತದೆ; ನಮ್ಮಲ್ಲಿ ತವರೇ ಹೋದವಳಿಗೆ ಕೊಡುತ್ತಾ ಇರುತ್ತದೆ. ಇವೆರಡೂ ಕೂಡಿದರೆ ಮಾತ್ರ ಲೆಕ್ಕ ಸರಿಹೋದೀತು. ಹರಿಯೂ ಹರನೂ ಅರ್ಧರ್ಧವಾಗಿ ಒಂದೇ ಮೂರ್ತಿಯಲ್ಲಿ ನಿಂತ ಊರಿನಲ್ಲಿ ಈ ಮಾತನ್ನು ಇನ್ನೂ ವಿಸ್ತರಿಸುವುದು ಅನಾವಶ್ಯಕ.

ಕಳೆದ ವಾರ ಹರಿಹರದ ನಿಲ್ದಾಣದಲ್ಲಿ ಅವನನ್ನು ರೈಲು ಹತ್ತಿಸಿದೆವು. ಅಕ್ಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಕಟ್ಟಿ ಕೊಟ್ಟಿದ್ದಳು. ಗಾಡಿ ಬರುವ ಮುಂಚೆ ಅವನು ಮೊಬೈಲನ್ನು ನನ್ನ ಮುಂದೆ ಹಿಡಿದ. ಅವನು ಮಾರಿದ್ದ ಹುಡುಗನನ್ನು ಆ ತಂಡದವರು ಇನ್ನೊಬ್ಬರಿಗೆ ಮಾರಿದ್ದರು. ನೂರಕ್ಕೆ ಎರಡು ಪಾಲು ಜಮೆಯಾಗಿತ್ತು.

"ಏನದು?" ಎಂದಳು ಅಕ್ಕ. ನಾನು ವಿವರಿಸಿ ಹೇಳಿದೆ.

"ನನಗ ರೊಕ್ಕದ ಪಾಲು ಬ್ಯಾಡ. ವಾರಕ್ಕ ಎರಡು ಸಲ ಫೋನು ಮಾಡು ಅನ್ನು" ಎಂದಳು.

ಈ ವಾರ ಮೂರು ಸಲ ಮಾಡಿದನಂತೆ.